ಎಂಬತ್ತು ಸಾವಿರದ ಪೆಟ್ಟಿಗೆ ಮತ್ತು ಕನ್ನಡ ಮಾಧ್ಯಮ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದರು. ಅಡಿಕೆ ಕೃಷಿಕರು, ಮಾತು ಕಡಿಮೆ. ಕೊಟ್ಟ ಚಹಾ ಆರುವವರೆಗೆ ಸುಮ್ಮನೆ ಕುಳಿತಿದ್ದು ಕೊನೆಗೆ ಬಾಯಿಬಿಟ್ಟರು.

"ಎಂತ ಹೇಳುವುದು ಮಾಷ್ಟ್ರೇ, ಎಂಬತ್ತು ಸಾವಿರ ಹೊಳೆಗೆ ಹಾಕಿದ ಹಾಗಾಯಿತು. ಗೇಮಿಂಗ್ ಕಂಪ್ಯೂಟರ್ ಬೇಕೂಂತ ಒಂದು ವರ್ಷ ಹಠ ಮಾಡಿದ. ಸಾಮಾನು ತರಿಸಿ ಅವನೇ ಜೋಡಿಸಿದ. ಈಗ ನೋಡಿದರೆ ಅದು ನನ್ನ ತಮ್ಮನ ಹಳೆ ಲ್ಯಾಪ್‌ಟಾಪಿಗಿಂತ ನಿಧಾನ. ಎಲ್ಲಾ ಇಂಗ್ಲಿಷಿನಲ್ಲಿ ಉಂಟು, ಇವನಿಗೆ ತಲೆಬುಡ ಅರ್ಥ ಆಗಲಿಲ್ಲ. ಕನ್ನಡ ಮೀಡಿಯಂ ಅಲ್ಲವಾ? ಸಣ್ಣವಳನ್ನಾದರೂ ಬರುವ ವರ್ಷ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುವುದೂಂತ ಇದ್ದೇನೆ."

ಸಣ್ಣವಳು ನಮ್ಮ ಶಾಲೆಯಲ್ಲಿ ನಾಲ್ಕನೇ ತರಗತಿ. ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ಒಂದು ಮಗು ಹೋಗುವುದೆಂದರೆ ಏನೆಂದು ಇದನ್ನು ಓದುವವರಿಗೆ ನಾವು ವಿವರಿಸಬೇಕಾಗಿಲ್ಲ. ಆದರೆ ಅಂದು ನಮ್ಮನ್ನು ಚುಚ್ಚಿದ್ದು ತರಗತಿಯ ಲೆಕ್ಕವಲ್ಲ. ಒಂದು ಯಂತ್ರ ಕೆಟ್ಟು ನಿಂತದ್ದಕ್ಕೆ ಒಂದು ಭಾಷೆ ಅಪರಾಧಿಯಾಗಿ ನಿಂತಿತ್ತು. ಯಂತ್ರವನ್ನು ನೋಡದೆ ತೀರ್ಪು ಒಪ್ಪುವುದು ಹೇಗೆ? ನಮ್ಮ ಶಾಲೆಯಲ್ಲಿ ಐ.ಟಿ. ಸಂಯೋಜಕರಾಗಿರುವ ಸಹೋದ್ಯೋಗಿಯನ್ನು ಕರೆದುಕೊಂಡು ಮಧ್ಯಾಹ್ನ ಅವರ ಮನೆಗೆ ಹೋದೆವು.

ನಿಜ ಹೇಳಬೇಕೆಂದರೆ ನಮಗೂ ಈ ವಿಷಯದಲ್ಲಿ ದೊಡ್ಡ ಪಾಂಡಿತ್ಯವಿಲ್ಲ. ನಾವು ಟಿ.ಸಿ.ಎಚ್. ಮಾಡುವ ಕಾಲಕ್ಕೆ ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಕೋಣೆಯಾಗಿತ್ತು. ಆಮೇಲೆ ಬಿ.ಎ. ಓದಿದ್ದೂ ಇತಿಹಾಸ ಮತ್ತು ಕನ್ನಡ. ಆಟದ ಕಂಪ್ಯೂಟರ್ ಎಂದರೆ ಮಕ್ಕಳನ್ನು ಹಾಳುಮಾಡುವ ಪೆಟ್ಟಿಗೆ ಎಂದೇ ನಾವೂ ತಿಳಿದಿದ್ದೆವು. ಅಂದು ಸಂಜೆ ಏಳು ಗಂಟೆಗೆ ಆ ಮನೆಯಿಂದ ಹೊರಡುವಾಗ ಆ ಅಭಿಪ್ರಾಯ ಅರ್ಧದಷ್ಟು ಬದಲಾಗಿತ್ತು. ಉಳಿದರ್ಧವನ್ನು ಇನ್ನೂ ಇಟ್ಟುಕೊಂಡಿದ್ದೇವೆ!

ಹುಡುಗ ಪ್ಲಸ್ ವನ್ ವಿದ್ಯಾರ್ಥಿ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಈಗ ಒಮ್ಮೆಲೇ ಇಂಗ್ಲಿಷ್ ಪಾಠದೊಳಗೆ ಬಿದ್ದವನು. ಅವನು ಜೋಡಿಸಿದ್ದ ಯಂತ್ರ ಕೆಟ್ಟದ್ದೇನೂ ಅಲ್ಲ. ಇಂಟೆಲ್ ಐ5-12400 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಎಂಟೆಂಟು ಜಿ.ಬಿ.ಯ ಎರಡು ರ‍್ಯಾಮ್, 512 ಜಿ.ಬಿ. ಎಸ್‌ಎಸ್‌ಡಿ, 144 ಹರ್ಟ್ಸ್‌ನ ಮಾನಿಟರ್. ತಂತಿಗಳನ್ನು ಅಂದವಾಗಿ ಹಿಂಬದಿಯಲ್ಲಿ ಕಟ್ಟಿದ್ದ. ಹಿಂದಿ, ಇಂಗ್ಲಿಷ್ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಹದಿನಾರರ ಹುಡುಗ ಇಷ್ಟು ಮಾಡಿದ್ದಾನೆಂದರೆ ನಾವು ಬೆನ್ನು ತಟ್ಟಬೇಕು. ಆದರೆ 'ಫೋರ್ಜಾ ಹೊರೈಜನ್ 5' ಎಂಬ ಕಾರ್ ಓಡಿಸುವ ಆಟ ಹಾಕಿ ತೋರಿಸಿದಾಗ ಚಿತ್ರ ತಡೆ ತಡೆದು ಬರುತ್ತಿತ್ತು. ಪರದೆಯ ಮೂಲೆಯ ಲೆಕ್ಕದಲ್ಲಿ ಸೆಕೆಂಡಿಗೆ 20 ಚಿತ್ರ, ಒಮ್ಮೊಮ್ಮೆ ಇನ್ನೂ ಕಡಿಮೆ.

ನಮ್ಮ ಸಹೋದ್ಯೋಗಿ ಮೊದಲು ಮಾಡಿದ ಕೆಲಸ ಪೆಟ್ಟಿಗೆಯ ಹಿಂಬದಿಗೆ ಟಾರ್ಚ್ ಬಿಟ್ಟು ನೋಡಿದ್ದು. ಮಾನಿಟರಿನ ಕೇಬಲ್ ಮೇಲಿನ ತೂತಿಗೆ, ಅಂದರೆ ಮದರ್‌ಬೋರ್ಡಿಗೆ ಸಿಕ್ಕಿಸಿತ್ತು. ಅದರ ಕೆಳಗೆ ಗ್ರಾಫಿಕ್ಸ್ ಕಾರ್ಡಿನದ್ದೇ ತೂತುಗಳು ಖಾಲಿ! ಈ ಪ್ರೊಸೆಸರಿನ ಒಳಗೆ ಒಂದು ಪುಟ್ಟ ಗ್ರಾಫಿಕ್ಸ್ ಭಾಗ ಇದ್ದೇ ಇದೆ. ಹಾಗಾಗಿ ಚಿತ್ರವೇನೋ ಬಂತು, ಹುಡುಗ ಎಲ್ಲ ಸರಿಯಿದೆ ಎಂದುಕೊಂಡ. ಹಣದಲ್ಲಿ ದೊಡ್ಡ ಪಾಲು ನುಂಗಿದ ಕಾರ್ಡ್ ಮಾತ್ರ ಕೆಲಸವಿಲ್ಲದೆ ಕುಳಿತಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ಅದರ ದುಡಿಮೆ ಸೊನ್ನೆ ಪ್ರತಿಶತ. ಕೇಬಲನ್ನು ಕಾರ್ಡಿಗೆ ಬದಲಿಸಿ, ಕಾರ್ಡಿನ ಡ್ರೈವರನ್ನು ಅದನ್ನು ತಯಾರಿಸಿದವರ ತಾಣದಿಂದಲೇ ಇಳಿಸಿ ಹಾಕಿದೆವು. ಲೆಕ್ಕ 20ರಿಂದ 70ಕ್ಕೆ ಏರಿತು. ಬಾಗಿಲಲ್ಲಿ ನಿಂತಿದ್ದ ತಂದೆ ಒಳಗೆ ಬಂದು ಕುರ್ಚಿ ಎಳೆದುಕೊಂಡರು.

ಎರಡನೆಯದು ರ‍್ಯಾಮ್. ಬೋರ್ಡಿನಲ್ಲಿ ನಾಲ್ಕು ಸೀಳುಗಳಿದ್ದವು. ಹುಡುಗ ಎರಡನ್ನೂ ಪ್ರೊಸೆಸರಿಗೆ ಹತ್ತಿರವಾದ ಒಂದನೇ ಮತ್ತು ಎರಡನೇ ಸೀಳಿಗೆ ಒತ್ತಿದ್ದ. ಅವೆರಡೂ ಒಂದೇ ದಾರಿಗೆ ಸೇರಿದವು. ಬಾವಿಗೆ ಎರಡು ರಾಟೆ ಇದ್ದೂ ಎರಡು ಕೊಡಪಾನಗಳನ್ನು ಒಂದೇ ರಾಟೆಗೆ ಕಟ್ಟಿದರೆ ಹೇಗೋ ಹಾಗೆ. ಇಂಥ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸೀಳಿಗೆ ಹಾಕಬೇಕು. ಬೋರ್ಡಿನ ಜತೆ ಬರುವ ಪುಸ್ತಿಕೆಯಲ್ಲಿ ಚಿತ್ರವೇ ಇರುತ್ತದೆ, ಅದನ್ನು ನೋಡಲು ಇಂಗ್ಲಿಷ್ ಬೇಡ. ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ಬದಲಿಸಿದೆವು.

ರ‍್ಯಾಮಿನದ್ದೇ ಇನ್ನೊಂದು ಗುಟ್ಟಿದೆ. ಚೀಟಿಯಲ್ಲಿ 3200 ಎಂದು ಬರೆದಿತ್ತು, ಓಡುತ್ತಿದ್ದುದು 2400ರಲ್ಲಿ. ಇದು ಮೋಸವಲ್ಲ. ಇಂಥ ರ‍್ಯಾಮ್ ಮೊದಲ ಸಲ ಎದ್ದಾಗ ಎಲ್ಲ ಬೋರ್ಡುಗಳಿಗೂ ಒಗ್ಗುವ ಸುರಕ್ಷಿತ ವೇಗದಲ್ಲೇ ನಡೆಯುತ್ತದೆ. ಚೀಟಿಯ ವೇಗ ಬೇಕಾದರೆ ಯಂತ್ರ ಏಳುವಾಗ ಡಿಲೀಟ್ ಕೀಲಿ ಒತ್ತಿ (ಕೆಲವದರಲ್ಲಿ ಎಫ್2) ಬಯೋಸ್ ಒಳಗೆ ಹೋಗಿ 'ಎಕ್ಸ್‌ಎಂಪಿ' ಎಂಬುದನ್ನು ನಾವೇ ಚಾಲೂ ಮಾಡಬೇಕು. ಎಎಂಡಿ ಪ್ರೊಸೆಸರಿನ ಹೊಸ ಯಂತ್ರಗಳಲ್ಲಿ ಇದಕ್ಕೆ 'ಎಕ್ಸ್‌ಪೋ' ಎಂಬ ಹೆಸರೂ ಇದೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಹೇಗೆ ಏರಿತೆಂದು ಕೊಂಡವರಿಗೆ ಗೊತ್ತು. ಅಷ್ಟು ಕೊಟ್ಟು ತಂದು ಮುಕ್ಕಾಲು ವೇಗದಲ್ಲಿ ಓಡಿಸುವವರು ನಮ್ಮೂರಿನಲ್ಲಿ ಇನ್ನೆಷ್ಟು ಜನರೋ!

ಮೂರನೆಯದು ಮಾನಿಟರ್. 144 ಹರ್ಟ್ಸ್ ಎಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದು ಎಂದರ್ಥ. ವಿಂಡೋಸ್ ಅದನ್ನು 60ರಲ್ಲಿ ನಿಲ್ಲಿಸಿತ್ತು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಒಂದೊಂದಾಗಿ ಒಳಗೆ ಹೋದರೆ ಅದನ್ನು ಬದಲಿಸುವ ಜಾಗ ಸಿಗುತ್ತದೆ. ಇಲ್ಲಿ ನಮ್ಮ ಸಹೋದ್ಯೋಗಿ ಮೇಷ್ಟ್ರಾಗಿಬಿಟ್ಟರು. "ಸಾವಿರವನ್ನು 60ರಿಂದ ಭಾಗಿಸು ಮಾರಾಯ, ಎಷ್ಟು?" ಹುಡುಗ ಬಾಯಿಲೆಕ್ಕ ಹಾಕಿದ: "ಹದಿನಾರು ಮುಕ್ಕಾಲು ಹತ್ತಿರ ಸರ್." "144ರಿಂದ?" "ಏಳು." ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 17 ಮಿಲಿಸೆಕೆಂಡ್ ಇದ್ದದ್ದು 7ಕ್ಕೆ ಇಳಿಯಿತು. ಹರ್ಟ್ಸ್ ಎಂದರೇನೆಂದು ಇವನಿಗೆ ನಮ್ಮ ಶಾಲೆಯಲ್ಲೇ, 'ಆವೃತ್ತಿ' ಎಂಬ ಪಾಠದಲ್ಲಿ, ಕನ್ನಡದಲ್ಲೇ ಕಲಿಸಿದ್ದೇವೆ. ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದಾನೆ. ಪುಸ್ತಕದ ಹರ್ಟ್ಸ್ ಮತ್ತು ಪೆಟ್ಟಿಗೆಯ ಮೇಲಿನ ಹರ್ಟ್ಸ್ ಒಂದೇ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ.

ನಾಲ್ಕನೆಯದು ವಿಂಡೋಸ್. 'ವ್ಯಾಲರಂಟ್' ಎಂಬ ಆಟ ತೆರೆಯುವುದೇ ಇಲ್ಲ ಎಂಬುದು ಹುಡುಗನ ದೂರು. ವಿಂಡೋಸ್ 11ರಲ್ಲಿ ಆ ಆಟಕ್ಕೆ 'ಸೆಕ್ಯೂರ್ ಬೂಟ್' ಮತ್ತು 'ಟಿಪಿಎಂ 2.0' ಎರಡೂ ಚಾಲೂ ಇರಬೇಕು. ಅವನು ನೋಡಿದ ವಿಡಿಯೋವೊಂದು ಹಿಂದಕ್ಕೆ ಹೋಗಿ ವಿಂಡೋಸ್ 10 ಹಾಕಿಕೋ ಎಂದಿತ್ತಂತೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಮನೆ ಕಟ್ಟಿ ಹಳೆ ಬೀಗ ಹಾಕುವವರುಂಟೇ? ಇಂಟೆಲ್ ಬೋರ್ಡಿನಲ್ಲಿ 'ಪಿಟಿಟಿ' ಎಂದೂ ಎಎಂಡಿಯಲ್ಲಿ 'ಎಫ್‌ಟಿಪಿಎಂ' ಎಂದೂ ಇರುವುದನ್ನು ಬಯೋಸಿನಲ್ಲಿ ಚಾಲೂ ಮಾಡಿ, ಸೆಕ್ಯೂರ್ ಬೂಟ್ ಹಾಕಿದರೆ ಆಯಿತು. ಒಂದು ಎಚ್ಚರಿಕೆ: ವಿಂಡೋಸನ್ನು ಹಳೆಯ 'ಲೆಗಸಿ' ಕ್ರಮದಲ್ಲಿ ಹಾಕಿದ್ದರೆ ಇದನ್ನು ಬದಲಿಸಿದ ಕೂಡಲೇ ಯಂತ್ರ ಏಳದೆ ಹೋಗಬಹುದು. ಮೊದಲು 'ಸಿಸ್ಟಮ್ ಇನ್ಫರ್ಮೇಶನ್' ತೆರೆದು ಬಯೋಸ್ ಮೋಡ್ ಎಂಬಲ್ಲಿ 'ಯುಇಎಫ್‌ಐ' ಎಂದಿದೆಯೇ ನೋಡಿಕೊಳ್ಳಬೇಕು. ಇದ್ದರೆ ಮಾತ್ರ ಮುಂದಿನ ಹೆಜ್ಜೆ.

ಐದನೆಯದು ಶಾಖ. ಪೆಟ್ಟಿಗೆಯನ್ನು ಮರದ ಕಪಾಟಿನೊಳಗೆ ಇಟ್ಟಿದ್ದರು, ಮುಂದಿನ ಫ್ಯಾನ್ ತಿರುಗುಮುರುಗಾಗಿ ಕೂತು ಒಳಗಿನ ಗಾಳಿಯನ್ನು ಹೊರಗೆ ದಬ್ಬುತ್ತಿತ್ತು. ರೆಕ್ಕೆಗಳ ಹಿಂದೆ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟು ಇರುವ ಬದಿಯಿಂದ ಗಾಳಿ ಹೊರಬರುತ್ತದೆ. ಮುಂದಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ ಬಿಸಿಗಾಳಿ ಹೊರಗೆ, ಅಡುಗೆಮನೆಯ ಹೊಗೆಗೂಡಿನ ನಿಯಮವೇ. ಈ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. 'ಎಚ್‌ಡಬ್ಲ್ಯುಇನ್ಫೋ' ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದಾಗ 92 ಇತ್ತು. ಕಪಾಟಿನಿಂದ ಹೊರಗಿಟ್ಟು ಫ್ಯಾನ್ ತಿರುಗಿಸಿದ ಮೇಲೆ 70ರ ಆಸುಪಾಸಿಗೆ ಬಂತು. ಕೂಲರನ್ನು ಬೇರೆಯಾಗಿ ಕೊಂಡವರು ಅದರ ತಳಕ್ಕೆ ಅಂಟಿಸಿದ ಪಾರದರ್ಶಕ ಹಾಳೆಯನ್ನು ಕಿತ್ತಿದ್ದೇವೆಯೇ ಎಂದೂ ನೆನಪು ಮಾಡಿಕೊಳ್ಳಲಿ. ಆಟದೊಳಗೆ ಸೆಕೆಂಡಿಗೆ ಇಷ್ಟೇ ಚಿತ್ರ ಸಾಕೆಂದು ಮಿತಿ ಹಾಕಿದರೂ ಶಾಖ ಇಳಿಯುತ್ತದೆ. ಮಾನಿಟರ್ ತೋರಿಸಲಾರದ ಚಿತ್ರಗಳನ್ನು ಬಿಡಿಸಿ ಕಾರ್ಡ್ ಬೆವರುವುದೇಕೆ?

ಆರನೆಯದು ಯಾವ ವಿಡಿಯೋದಲ್ಲೂ ಇರಲಿಲ್ಲ, ಏಕೆಂದರೆ ಅದು ನಮ್ಮೂರಿನದ್ದು. ತುಲಾಮಾಸದ ಮಧ್ಯಾಹ್ನದ ಸಿಡಿಲು! ಮೂರು ಕಾಲಿನ ಪ್ಲಗ್ಗನ್ನು ಎರಡು ಕಾಲಿನದ್ದಾಗಿ ಮಾಡುವ ತುಂಡೊಂದನ್ನು ಸಿಕ್ಕಿಸಿ ಯಂತ್ರ ಓಡುತ್ತಿತ್ತು. ಅರ್ತ್ ಇಲ್ಲದೆ ಎಂಬತ್ತು ಸಾವಿರದ ಸಾಮಾನು, ಅದರ ಮೇಲೆ ಬರಿಗೈ! ಇದನ್ನು ಮಾತ್ರ ನಾವು ಗದರಿಸಿಯೇ ಹೇಳಿದೆವು. ಮನೆಯಲ್ಲಿದ್ದ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ, ಪ್ರೊಸೆಸರ್, ಮಾನಿಟರ್ ಸೇರಿದರೆ ಅಂಚಿಗೆ ಬರುತ್ತದೆ. 1000 ವಿಎ ಇದ್ದರೆ ನಿಶ್ಚಿಂತೆ. ಆದರೆ ಸಿಡಿಲಿಗೆ ಯಾವ ಯುಪಿಎಸ್ಸೂ ಅಡ್ಡ ಬರುವುದಿಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೂ ಇಂಟರ್‌ನೆಟ್ ಕೇಬಲನ್ನೂ ಎಳೆದಿಡಬೇಕು.

ಇಷ್ಟಾದ ಮೇಲೆ ಅದೇ ಆಟ ಅದೇ ಯಂತ್ರದಲ್ಲಿ 90ರ ಆಸುಪಾಸಿನಲ್ಲಿ ನಯವಾಗಿ ಓಡಿತು. ಒಂದು ರೂಪಾಯಿಯ ಹೊಸ ಸಾಮಾನು ಬೇಕಾಗಲಿಲ್ಲ. ಹುಡುಗ 'ವೇಗ ಹೆಚ್ಚಿಸುವ' ತಂತ್ರಾಂಶ ಎರಡು ಹಾಕಿಕೊಂಡಿದ್ದ, ಅವನ್ನು ತೆಗೆಸಿದೆವು. ಆಂಟಿವೈರಸ್ ನಿಲ್ಲಿಸು, ರಿಜಿಸ್ಟ್ರಿ ತಿದ್ದು ಎಂಬ ಉಪದೇಶಗಳನ್ನೂ, ಪುಕ್ಕಟೆ ಸಿಗುವ ಕಳ್ಳ ಆಟಗಳನ್ನೂ ಹತ್ತಿರ ಸೇರಿಸಬೇಡ ಎಂದೆವು. ಬೀಗ ಒಡೆದು ಕೊಡುವವನು ಕೀಲಿಯ ಇನ್ನೊಂದು ಪ್ರತಿ ಇಟ್ಟುಕೊಂಡಿರುತ್ತಾನೆ.

ಈಗ ಮೂಲ ಪ್ರಶ್ನೆಗೆ ಬರೋಣ. ತಪ್ಪು ಯಾರದ್ದು? ಕನ್ನಡ ಮಾಧ್ಯಮದ್ದೇ?

ನಾವು ಬಹಳ ಯೋಚಿಸಿದೆವು. ಆರು ತಪ್ಪುಗಳಲ್ಲಿ ಇಂಗ್ಲಿಷ್ ಬಾರದ್ದರಿಂದ ಆದದ್ದು ಯಾವುದು? ಕೇಬಲ್ ಯಾವ ತೂತಿಗೆ ಎಂಬುದಕ್ಕೆ ಇಂಗ್ಲಿಷ್ ಬೇಡ. ಗಾಳಿ ಯಾವ ಕಡೆಗೆ ಎಂಬುದಕ್ಕೆ ಬೇಡ. ಅರ್ತ್ ಬೇಕೆಂಬುದಕ್ಕೆ ಬೇಡವೇ ಬೇಡ. ಎಕ್ಸ್‌ಎಂಪಿ ಎಂಬುದು ಇಂಗ್ಲಿಷ್ ಮಾಧ್ಯಮದ ಮಗುವಿಗೂ ಬರಿಯ ಮೂರಕ್ಷರ, ಅದರ ಅರ್ಥ ಯಾರಾದರೂ ಹೇಳಿಯೇ ತಿಳಿಯಬೇಕು. ಈ ಹುಡುಗನಿಗೆ ಕೊರತೆಯಾದದ್ದು ಪಕ್ಕದಲ್ಲಿ ಕುಳಿತು 'ಏಕೆ' ಎಂಬುದನ್ನು ತಿಳಿಯುವ ಮಾತಿನಲ್ಲಿ ಹೇಳುವ ಒಬ್ಬ ಮನುಷ್ಯ. ವಿಡಿಯೋ 'ಹೀಗೆ ಮಾಡು' ಎಂದಿತು, ಅವನು ಹಾಗೆ ಮಾಡಿದ. ವಿಡಿಯೋದ ಬೋರ್ಡೂ ಇವನ ಬೋರ್ಡೂ ಬೇರೆಯಾದಾಗ ಕಾರಣ ಗೊತ್ತಿಲ್ಲದವನು ನಿಂತಲ್ಲೇ ನಿಂತ. ರಾಟೆಯ ಮಾತು ಹೇಳಿದಾಗ ಅವನಿಗೆ ಅರ್ಧ ನಿಮಿಷ ಸಾಕಾಯಿತು. ಅರ್ಥ ಆದದ್ದು ಕನ್ನಡದಲ್ಲಿ!

ಹಾಗೆಂದು ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಬಯೋಸಿನ ಪರದೆ ಇಂಗ್ಲಿಷಿನಲ್ಲಿದೆ, ಪ್ಲಸ್ ವನ್ ಪಾಠವೂ ಇಂಗ್ಲಿಷಿನಲ್ಲಿದೆ. ನಮ್ಮ ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಬೇಕು, ಕಲಿಸುವ ಹೊಣೆ ನಮ್ಮದು. ಆದರೆ ಒಂದು ಭಾಷೆಯನ್ನು ಕಲಿಯುವುದು ಬೇರೆ, ಅರ್ಥವಾಗದ ಭಾಷೆಯಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ. ಕಾರಣ ತಿಳಿದ ಮಗು ಇಂಗ್ಲಿಷಿನ ಹತ್ತು ಪದಗಳನ್ನು ಒಂದು ಸಂಜೆಯಲ್ಲಿ ಕಲಿತುಬಿಡುತ್ತದೆ. ನಾವು ಕಣ್ಣಾರೆ ಕಂಡದ್ದು ಇದನ್ನೇ.

ತಪ್ಪಿನ ಪಾಲು ನಮಗೂ ಇದೆ. ಕೇರಳದಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಶುರುವಾಗಿ ಎರಡು ದಶಕ ದಾಟಿದೆ. 2017ರಲ್ಲಿ ಅದು 'ಕೈಟ್' ಸಂಸ್ಥೆಯಾಯಿತು, 2018ರಲ್ಲಿ ಹೈಸ್ಕೂಲುಗಳಲ್ಲಿ 'ಲಿಟ್ಲ್ ಕೈಟ್ಸ್' ಸಂಘಗಳು ಬಂದವು. ಶಾಲೆಯ ಲ್ಯಾಪ್‌ಟಾಪುಗಳು ಉಬುಂಟು ಆಧರಿಸಿದ ಲಿನಕ್ಸಿನಲ್ಲಿ ಓಡುತ್ತವೆ, ಐ.ಸಿ.ಟಿ. ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಸಾಧನ ನಮ್ಮ ಕೈಗೆ ಬಂದಿದೆ. ಆದರೆ ನಾವು ಆ ಪುಸ್ತಕವನ್ನು ಪರೀಕ್ಷೆಗೆ ಮುಗಿಸಿದೆವು. ಒಂದು ಹಳೆ ಸಿ.ಪಿ.ಯು. ಬಿಚ್ಚಿ ಮಕ್ಕಳ ಕೈಗೆ ಕೊಡಲಿಲ್ಲ. ಹಾಳಾಗಿ ಮೂಲೆ ಸೇರಿದ ಯಂತ್ರಗಳು ನಮ್ಮ ಎಷ್ಟು ಶಾಲೆಗಳಲ್ಲಿಲ್ಲ? ನಿಯಮದಂತೆ ಅನುಮತಿ ಪಡೆದು ಒಂದನ್ನಾದರೂ ಬಿಚ್ಚಿ ಕಲಿಸಬಹುದಿತ್ತು.

ಇನ್ನು ಪೋಷಕರಿಗೆ ಒಂದು ಮಾತು. ಆಟದ ಕಂಪ್ಯೂಟರ್ ಬೇಕೇ ಬೇಡವೇ ಎಂಬುದು ನಿಮ್ಮ ಮನೆಯ ತೀರ್ಮಾನ. ಸಾಲ ಮಾಡಿ ಕೊಡಿಸಿ ಎಂದು ನಾವು ಎಂದಿಗೂ ಹೇಳಲಾರೆವು. ಆದರೆ ಕೊಡಿಸಿದ ಮೇಲೆ ಕೋಣೆಗೆ ಬಿಟ್ಟು ಬಾಗಿಲು ಹಾಕಬೇಡಿ. ಜೋಡಿಸುವ ದಿನ, ಸರಿಪಡಿಸುವ ದಿನ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮಗೆ ಏನೂ ಗೊತ್ತಿಲ್ಲದಿದ್ದರೂ 'ಇದು ಯಾಕೆ ಹೀಗೆ?' ಎಂದು ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅಳತೆ, ಆಮೇಲೆ ಮುಂದಿನದ್ದು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು. ವಿಜ್ಞಾನದ ಪ್ರಯೋಗವೆಂದರೆ ಇಷ್ಟೇ. ಆಟದ ಹೊತ್ತಿಗೂ ಮಿತಿ ಇರಲಿ. ರಾತ್ರಿ ಎರಡು ಗಂಟೆಯವರೆಗೆ ಆಡುವ ಹುಡುಗನಿಗೆ ಯಾವ ಮಾಧ್ಯಮವೂ ಪಾಠ ಕಲಿಸಲಾರದು. (ನಾವು ಇಟ್ಟುಕೊಂಡ ಉಳಿದರ್ಧ ಇದೇ!)

ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿಸಿದೆವು. ವಿಂಡೋಸಿನ ಭಾಷಾ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದೆವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡದ ಅಕ್ಷರಗಳಿದ್ದವು, ಈಗಂತೂ ಬೇರೆ ತಂತ್ರಾಂಶವೇ ಬೇಡ. ಶಾಲೆಯಲ್ಲಿ ಕಲಿತ ಕೀಲಿಮಣೆಯಲ್ಲಿ ಹುಡುಗ ಅಂದಿನ ಟಿಪ್ಪಣಿಯನ್ನು ತಾನೇ ಟೈಪ್ ಮಾಡಿದ: ಕೇಬಲ್ ಕಾರ್ಡಿಗೆ, ರ‍್ಯಾಮ್ ಎರಡು-ನಾಲ್ಕಕ್ಕೆ, ಹರ್ಟ್ಸ್ 144, ಗುಡುಗಿದರೆ ಪ್ಲಗ್. ಒಂದು ಪುಟವೂ ಆಗಲಿಲ್ಲ. ಅದನ್ನು ಮುದ್ರಿಸಿ ಶಾಲೆಯ ಐ.ಟಿ. ಕೋಣೆಯ ಗೋಡೆಗೆ ಅಂಟಿಸಿದ್ದೇವೆ. ಜನವರಿಯಿಂದ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಹಳೆ ಯಂತ್ರ ಬಿಚ್ಚುವ ತರಗತಿ ನಡೆಸುವುದೆಂದು ನಿಶ್ಚಯಿಸಿದ್ದೇವೆ. ಮೊದಲ ತರಗತಿಗೆ ಮೇಷ್ಟ್ರು ಆ ಹುಡುಗನೇ.

ಸಣ್ಣವಳ ವಿಷಯ? ತಂದೆ ಅಂಗಳದವರೆಗೆ ಬಂದು ಬೀಳ್ಕೊಟ್ಟರು. "ನೋಡುವಾ ಮಾಷ್ಟ್ರೇ, ಮಾರ್ಚ್ ವರೆಗೆ ಸಮಯ ಉಂಟಲ್ಲ" ಎಂದರು. ಬೆಳಿಗ್ಗೆ ಬಂದಾಗ ಅವರು ಹೀಗೆ ಹೇಳಿರಲಿಲ್ಲ. ಮಾರ್ಚ್ ವರೆಗೆ ನಮಗೆ ಕೆಲಸವಿದೆ. ನಿಮ್ಮ ಶಾಲೆಯ ಮೂಲೆಯಲ್ಲೂ ಒಂದು ಹಳೆ ಸಿ.ಪಿ.ಯು. ಧೂಳು ತಿನ್ನುತ್ತಿರಬಹುದು, ಈ ವಾರವೇ ಹೋಗಿ ನೋಡಬಾರದೇ?